ಆರು ಆರು ಆರು

ನಮ್ಮ ಟೀಮಿನ ಅರ್ಧ ಜನ ಬೆಂಗಳೂರಿನಲ್ಲಿ, ಇನ್ನರ್ಧ ಜನ ಚೀನಾದ ದಾಲ್ಯಾನ್‌ನಲ್ಲಿ. ಒಂದು ರಿಲೀಸ್ ಸರಿಯಾಗಿ ಹೋಯಿತು ಅಂದರೆ ಸಾಕು, ಅವರ ಕಡೆಯಿಂದ ಚಾಟ್ ತುಂಬಾ 666, 666 ಅಂತ ಬರುತ್ತದೆ. ಮೊದಲ ಸಲ ನೋಡಿದಾಗ ಯಾವುದೋ ಎರರ್ ಕೋಡ್ ಇರಬೇಕು ಅಂದುಕೊಂಡು ಲಾಗ್ ತೆಗೆದು ಹುಡುಕಿದ್ದೆ. ಆಮೇಲೆ ಗೊತ್ತಾಯಿತು, ಅದು ಅಲ್ಲಿನ ಇಂಟರ್ನೆಟ್ ಮಾತಿನಲ್ಲಿ 'ಸೂಪರ್', 'ಭಲೇ' ಅಂದ ಹಾಗೆ. ಆರಕ್ಕೆ ಅವರು 'ಲ್ಯೂ' ಅನ್ನುತ್ತಾರೆ. ನಯವಾಗಿ ಜಾರುವುದಕ್ಕೂ ಅದೇ ಥರದ ಸದ್ದು. ಕೆಲಸ ಬೆಣ್ಣೆಯ ಹಾಗೆ ಜಾರಿತು ಅಂತ ಅರ್ಥ. ನಾನೂ ಕಲಿತು ಬಿಟ್ಟೆ, ಈಗ ಮನೆಯ ವಾಟ್ಸಾಪ್ ಗುಂಪಿಗೂ ಅಭ್ಯಾಸಬಲದಿಂದ ಹಾಕಿ ಬೈಸಿಕೊಳ್ಳುತ್ತೇನೆ.

ಇದೇ ಸಂಖ್ಯೆ ಇನ್ನೊಂದು ಕಡೆ ಸಿಕ್ಕಿತು. ಅಂದಿನಿಂದ ತಲೆಯಿಂದ ಹೋಗುತ್ತಿಲ್ಲ.

1911ರ ಅಕ್ಟೋಬರ್ 10ರ ರಾತ್ರಿ ವುಚಾಂಗ್‌ನಲ್ಲಿ ಸೈನಿಕರು ದಂಗೆ ಎದ್ದರು. ವುಚಾಂಗ್ ಅಂದರೆ ಇವತ್ತಿನ ವುಹಾನ್ ನಗರದ ಒಂದು ಭಾಗ. ಚಿಂಗ್ ಸಾಮ್ರಾಜ್ಯದ ಕೊನೆ ಶುರುವಾಗಿದ್ದು ಅಲ್ಲಿಂದ. ಆಳುತ್ತಿದ್ದ ಮನೆತನ ಮಂಚು, 1644ರಲ್ಲಿ ಈಶಾನ್ಯದಿಂದ ಬಂದು ಬೀಜಿಂಗ್ ಹಿಡಿದವರು. ಎದ್ದವರು ಹಾನ್ ಜನ, ಚೀನಾದಲ್ಲಿ ಅವರೇ ಬಹುಪಾಲು. ಮರುದಿನದಿಂದಲೇ ಊರಲ್ಲಿ ಮಂಚುಗಳ ಬೇಟೆ. ಆದರೆ ಬೇಟೆಯಾಡುವವರಿಗೆ ಒಂದು ಕಷ್ಟ ಬಂತು. ಯಾರು ಮಂಚು ಅಂತ ನೋಡಿದರೆ ಗೊತ್ತಾಗುತ್ತಿರಲಿಲ್ಲ! ಮೈಬಣ್ಣ ಒಂದೇ, ಮುಖ ಒಂದೇ, ಆಡುವ ಭಾಷೆಯೂ ಚೀನೀ ಭಾಷೆಯೇ. ಮುಂದಲೆ ಬೋಳಿಸಿ ಹಿಂದೆ ಉದ್ದ ಜಡೆ ಬಿಡುವುದು ಮಂಚುಗಳ ಗುರುತು ಅಂತ ನಾವು ಕೇಳಿರುತ್ತೇವೆ. ಆದರೆ 1645ರಲ್ಲಿ ಆ ಜಡೆಯನ್ನು ಹಾನ್ ಗಂಡಸರ ಮೇಲೂ ಹೇರಿದ್ದರು. ತಲೆ ಬೇಕೋ, ಕೂದಲು ಬೇಕೋ ಅಂತ ಕತ್ತಿ ತೋರಿಸಿ ಹೇರಿದ್ದು ಅದು. ಹಾಗಾಗಿ 1911ರ ಹೊತ್ತಿಗೆ ಜಡೆ ಎಲ್ಲರ ಬೆನ್ನ ಮೇಲೂ ಇತ್ತು.

ಕೊನೆಗೆ ಏನು ಮಾಡಿದರು ಅಂದರೆ, ಸಿಕ್ಕವರನ್ನು ನಿಲ್ಲಿಸಿ 'ಆರುನೂರ ಅರವತ್ತಾರು ಅನ್ನು' ಅಂದರು. ವುಚಾಂಗ್ ಕಡೆಯವರು ಆರಕ್ಕೆ 'ಲೌ' ಅನ್ನುತ್ತಾರೆ. ಮಂಚು ಸೈನಿಕರು ಆ ಪ್ರಾಂತ್ಯದಲ್ಲೇ ಎಷ್ಟೋ ತಲೆಮಾರು ಬದುಕಿದ್ದರೂ ಬೇರೆ ಗೋಡೆಯೊಳಗೆ ಬೆಳೆದವರು. ಅವರ ಬಾಯಲ್ಲಿ ಬೀಜಿಂಗ್ ಕಡೆಯ 'ಲ್ಯೂ' ಉಳಿದಿತ್ತು. ಮೂರು ಸಲ ಆರು ಅನ್ನುವಷ್ಟರಲ್ಲಿ ತೀರ್ಪು. ತಲೆಯ ಹಿಂಭಾಗ ಚಪ್ಪಟೆ ಇದೆಯಾ ಅಂತಲೂ ಮುಟ್ಟಿ ನೋಡುತ್ತಿದ್ದರಂತೆ, ಮಂಚುಗಳು ಮಕ್ಕಳನ್ನು ತೊಟ್ಟಿಲಲ್ಲಿ ಮಲಗಿಸುವ ರೀತಿಗೆ ತಲೆ ಹಾಗಾಗುತ್ತಿತ್ತು. ನಮ್ಮಲ್ಲೂ ಬಾಯಿ ಬಿಟ್ಟ ತಕ್ಷಣ ಧಾರವಾಡವಾ ಮಂಗಳೂರಾ ಅಂತ ಊರು ಹೇಳಿಬಿಡುವವರಿದ್ದಾರೆ. ನಾನೂ ಆ ಆಟ ಆಡಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು. ಈಚೆಗೆ ಆಡಲು ಮನಸ್ಸಾಗುತ್ತಿಲ್ಲ.

267 ವರ್ಷ ಒಟ್ಟಿಗಿದ್ದು ಇಷ್ಟು ಒಂದೇ ಥರ ಆಗಿಹೋದವರನ್ನು, ಹುಡುಕಿ ಹುಡುಕಿ ಬೇರೆ ಮಾಡಿ ಯಾಕೆ ಕೊಂದರು? ನನ್ನ ಪ್ರಶ್ನೆ ಇಷ್ಟೇ.

ಬೋರ್ಡಿನ ಮೇಲಿನ ಅಕ್ಷರ

ಕೆಲಸದ ಮೇಲೆ ಒಮ್ಮೆ ಬೀಜಿಂಗ್‌ಗೆ ಹೋಗಿದ್ದಾಗ ಒಂದು ದಿನ ಬಿಡುವು ಸಿಕ್ಕಿತು. ದಾಲ್ಯಾನ್‌ನಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ಅರಮನೆ ತೋರಿಸುತ್ತೇನೆ ಅಂತ ಕರೆದುಕೊಂಡು ಹೋದರು. ಭಯಂಕರ ಚಳಿ, ಭಯಂಕರ ಜನ. ಎದುರಿಗಿನ ದೊಡ್ಡ ದೊಡ್ಡ ಸಭಾಂಗಣಗಳನ್ನೆಲ್ಲ ಕತ್ತೆತ್ತಿ ನೋಡಿ ನೋಡಿ ಸುಸ್ತಾಗಿ, ಒಳ ಅರಮನೆಯ ಬಾಗಿಲ ಹತ್ತಿರ ಬಂದೆವು. ಅಲ್ಲಿ ನಿಂತು ಆಕೆ ಮೇಲಕ್ಕೆ ಬೆರಳು ತೋರಿಸಿದರು. 'ಇಲ್ಲಿಂದ ಬೋರ್ಡಿನಲ್ಲಿ ಎರಡು ಲಿಪಿ ಇದೆ ನೋಡು. ಇಷ್ಟು ಹೊತ್ತು ನೋಡಿದ್ದರಲ್ಲಿ ಒಂದೇ ಇತ್ತು.'

ನಿಜ. ಚೀನೀ ಅಕ್ಷರದ ಪಕ್ಕ ಇನ್ನೊಂದು ಬರಹ. ಮೇಲಿಂದ ಕೆಳಗೆ ಇಳಿದ ಒಂದು ಗೆರೆ, ಅದಕ್ಕೆ ಹಲ್ಲು, ಕೊಕ್ಕೆ, ಚುಕ್ಕಿ ಅಂಟಿಸಿದ ಹಾಗೆ. ಮಂಚು ಲಿಪಿ. ಹಿಂದೆ ಎಲ್ಲ ಬೋರ್ಡಿನಲ್ಲೂ ಇತ್ತಂತೆ. ಸಾಮ್ರಾಜ್ಯ ಬಿದ್ದ ಮೇಲೆ ಅರಮನೆಯ ಮುಂಭಾಗ ಗಣರಾಜ್ಯದ ಕೈಗೆ ಬಂತು, ಹಿಂಭಾಗ ಪುಟ್ಟ ಚಕ್ರವರ್ತಿ ಪೂಯಿಗೆ ಉಳಿಯಿತು. ಗಣರಾಜ್ಯದ ಅಧ್ಯಕ್ಷನಾಗಿದ್ದ ಯುವಾನ್ ಶಿಕಾಯ್ ಕಾಲದಲ್ಲಿ ಮುಂಭಾಗದ ಬೋರ್ಡುಗಳಿಂದ ಮಂಚು ಅಕ್ಷರ ತೆಗೆಸಿದರು, ಪೂಯಿ ಇದ್ದ ಭಾಗಕ್ಕೆ ಕೈ ಹಾಕಲಿಲ್ಲ. 1912ರಲ್ಲಿ ಅರಮನೆಯನ್ನು ಎಲ್ಲಿ ಪಾಲು ಮಾಡಿದರು ಅಂತ ಇವತ್ತೂ ಬೋರ್ಡು ನೋಡಿಯೇ ಹೇಳಬಹುದು.

'ಏನಂತ ಬರೆದಿದೆ?' ಅಂದೆ. 'ನನಗೇನು ಗೊತ್ತು' ಅಂದರು ಆಕೆ. 'ನಾನು ಮಂಚು, ಗೊತ್ತಲ್ವಾ?'

ನನಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ ದಿನಾ ಮಾತಾಡುತ್ತಿದ್ದೆವು. ಆಕೆ ಪರ್ಸಿನಿಂದ ಗುರುತಿನ ಚೀಟಿ ತೆಗೆದು ತೋರಿಸಿದರು. ಚೀನಾದ ಗುರುತಿನ ಚೀಟಿಯಲ್ಲಿ ಜನಾಂಗಕ್ಕೆ ಅಂತಲೇ ಒಂದು ಸಾಲಿದೆ. ಅಲ್ಲಿ ಒಂದೇ ಅಕ್ಷರ, 'ಮಾನ್', ಅಂದರೆ ಮಂಚು. ಮನೆತನದ ಹೆಸರು ಹಾನ್ ಜನರಲ್ಲೂ ಇರುವಂಥದ್ದೇ. ಭಾಷೆ ಬರುವುದಿಲ್ಲ, ಅಪ್ಪನಿಗೂ ಬರುತ್ತಿರಲಿಲ್ಲ, ತಾತನಿಗೂ ಇಲ್ಲ. 'ಮತ್ತೆ ಮಂಚು ಅಂದರೇನು?' ಅಂತ ಕೇಳಿದ್ದಕ್ಕೆ ನಕ್ಕು ಚೀಟಿಯನ್ನು ಬೆರಳಿನಿಂದ ತಟ್ಟಿದರು. 'ಇದು.'

ಅವತ್ತು ಅದನ್ನು ತಮಾಷೆ ಅಂತ ತೆಗೆದುಕೊಂಡೆ.

ಕಬ್ಬಿಣದ ದಂಟಿನ ಬೆಳೆ

ಚಿಂಗ್ ಕಾಲದ ಬೀಜಿಂಗ್‌ನಲ್ಲಿ ಒಂದು ಮಾತಿತ್ತು: ಮಂಚುವಾ ಹಾನಾ ಅಂತ ಕೇಳಬೇಡ, ಬಾವುಟದವನಾ ಸಾಮಾನ್ಯನಾ ಅಂತ ಕೇಳು. ಬಾವುಟ ಅಂದರೆ ಎಂಟು ಬಾವುಟಗಳ ಪಡೆ. ಮಂಚುಗಳು ಚೀನಾ ಗೆದ್ದಿದ್ದೇ ಆ ಪಡೆ ಕಟ್ಟಿಕೊಂಡು. ಅದರಲ್ಲಿ ಮಂಗೋಲರೂ ಇದ್ದರು, ಮೊದಲೇ ಬಂದು ಸೇರಿಕೊಂಡ ಹಾನ್ ಕುಟುಂಬಗಳೂ ಇದ್ದವು. ಬಾವುಟಕ್ಕೆ ಸೇರಿದವನು ಹುಟ್ಟಿನಿಂದ ಸಾಯುವವರೆಗೂ ಸೈನಿಕ, ಅವನ ಮಗನೂ ಸೈನಿಕ. ವ್ಯಾಪಾರ ಮಾಡುವ ಹಾಗಿಲ್ಲ, ಕಸುಬು ಮಾಡುವ ಹಾಗಿಲ್ಲ. ಊರಿನೊಳಗೇ ಗೋಡೆ ಕಟ್ಟಿದ 'ಮಂಚು ಪೇಟೆ'ಯಲ್ಲಿ ಇರಬೇಕು. ತಪ್ಪು ಮಾಡಿದರೆ ಕಾನೂನು ಬೇರೆ, ಶಿಕ್ಷೆ ಸ್ವಲ್ಪ ಹಗುರ. ಬಾವುಟದ ಹೆಣ್ಣನ್ನು ಹೊರಗಿನವರಿಗೆ ಕೊಡುವಂತಿಲ್ಲ. ಈ ಮದುವೆ ನಿಷೇಧ ತೆಗೆದದ್ದು 1902ರಲ್ಲಿ, ಅಂದರೆ ಮನೆ ಬೀಳಲು ಒಂಬತ್ತು ವರ್ಷ ಇದ್ದಾಗ.

ಇದಕ್ಕೆಲ್ಲ ಬದಲಾಗಿ ತಿಂಗಳಿಗೆ ಇಷ್ಟು ಬೆಳ್ಳಿ, ಇಷ್ಟು ಧಾನ್ಯ. ಮಳೆ ಬರಲಿ ಬಿಡಲಿ ಕೈಗೆ ಸಿಗುವ ಸಂಬಳ. ಜನ ಅದಕ್ಕೆ 'ಕಬ್ಬಿಣದ ದಂಟಿನ ಬೆಳೆ' ಅಂತ ಹೆಸರಿಟ್ಟಿದ್ದರು. ಎಂಥ ಹೆಸರು! ಬರ ಬಂದರೂ ಒಣಗಲ್ಲ, ನೆರೆ ಬಂದರೂ ಕೊಳೆಯಲ್ಲ. ಹೊರಗಿನ ರೈತನ ಹೊಟ್ಟೆಯುರಿ ಆ ಹೆಸರಲ್ಲೇ ಇದೆ.

ಆದರೆ ಒಳಗೆ ಹೋಗಿ ನೋಡಿದರೆ ಆ ಬೆಳೆ ಯಾವತ್ತೋ ಒಣಗಿತ್ತು. ಬಾವುಟದ ಜನಸಂಖ್ಯೆ ಬೆಳೆಯಿತು, ಸೈನಿಕರ ಜಾಗ ಅಷ್ಟಾಗಿ ಬೆಳೆಯಲಿಲ್ಲ. ಒಂದು ಸಂಬಳಕ್ಕೆ ಹತ್ತು ಬಾಯಿ. ಬೆಲೆ ಏರುತ್ತಾ ಹೋಯಿತು, ಸಂಬಳ ಇದ್ದಲ್ಲೇ ಇತ್ತು, ಕೊನೆ ಕೊನೆಗೆ ಅದೂ ಪೂರ್ತಿ ಕೈಗೆ ಬರುತ್ತಿರಲಿಲ್ಲ. ಬೇರೆ ಕೆಲಸ ಮಾಡೋಣ ಅಂದರೆ ಬರಲ್ಲ, ಮಾಡಬಾರದು ಅಂತ ತಲೆಮಾರುಗಟ್ಟಲೆ ಹೇಳಿ ಬೆಳೆಸಿದ್ದಾರಲ್ಲ. ಗೋಡೆಯ ಹೊರಗೆ ನಿಂತವನಿಗೆ ಕಾಣುತ್ತಿದ್ದುದು ಕೂತು ತಿನ್ನುವವರು. ಗೋಡೆಯ ಒಳಗಿದ್ದವರು ತಿಂಗಳ ಕೊನೆಗೆ ಪಾತ್ರೆ ಒತ್ತೆ ಇಡುತ್ತಿದ್ದರು.

ದೊಡ್ಡವರ ವಿಷಯ ಬೇರೆ. 1911ರ ಮೇ ತಿಂಗಳಲ್ಲಿ, ಜನ ಸಂವಿಧಾನ ಬೇಕು, ಪಾಲು ಬೇಕು ಅಂತ ಕೇಳುತ್ತಿದ್ದಾಗ, ಅರಮನೆಯವರು 13 ಜನರ ಸಂಪುಟ ಮಾಡಿದರು. ಅದರಲ್ಲಿ ಹಾನ್ ಮಂದಿ 4. ಉಳಿದವರಲ್ಲಿ ಎಷ್ಟೋ ಜನ ರಾಜಮನೆತನದವರೇ. 'ರಾಜನ ನೆಂಟರ ಸಂಪುಟ' ಅಂತ ಊರೆಲ್ಲ ಬೈದರು. ಅದುವರೆಗೆ ಅರಮನೆಯ ಪರ ಇದ್ದ ಹಾನ್ ಗಣ್ಯರೂ ಅವತ್ತು ಕೈ ಬಿಟ್ಟರು.

ಇನ್ನು ಕ್ರಾಂತಿಕಾರಿಗಳು. ಅವರು ಸಂಬಳದ ಪಟ್ಟಿಯ ಬಗ್ಗೆ ಮಾತಾಡಲಿಲ್ಲ, ರಕ್ತದ ಬಗ್ಗೆ ಮಾತಾಡಿದರು. 1645ರಲ್ಲಿ ಯಾಂಗ್‌ಝೌ ಊರಿನಲ್ಲಿ ಚಿಂಗ್ ಸೈನ್ಯ ನಡೆಸಿದ ಕಗ್ಗೊಲೆಯ ಹಳೆಯ ವಿವರವನ್ನು ಮತ್ತೆ ಅಚ್ಚು ಹಾಕಿಸಿ ಹಂಚಿದರು. ಝೌ ರೋಂಗ್ ಅನ್ನುವ 18 ವರ್ಷದ ಹುಡುಗ 1903ರಲ್ಲಿ ಬರೆದ ಕಿರುಹೊತ್ತಗೆಯಲ್ಲಿ ಐವತ್ತು ಲಕ್ಷ ಮಂಚುಗಳನ್ನು ಇಲ್ಲವಾಗಿಸಬೇಕು ಅಂತಲೇ ಇದೆ. ಆ ಹುಡುಗ ಎರಡು ವರ್ಷದಲ್ಲಿ ಜೈಲಿನಲ್ಲಿ ಸತ್ತ. ಅವನ ಪುಸ್ತಕ ಕೈಯಿಂದ ಕೈಗೆ ಹೋಯಿತು. 1905ರಲ್ಲಿ ಟೋಕಿಯೋದಲ್ಲಿ ಕ್ರಾಂತಿಕಾರಿಗಳ ನಾಯಕ ಸನ್ ಯಾಟ್ ಸೆನ್ ಕಟ್ಟಿದ ಸಂಘದ ಪ್ರತಿಜ್ಞೆ ಶುರುವಾಗುವುದೇ ತಾತಾರರನ್ನು, ಅಂದರೆ ಮಂಚುಗಳನ್ನು, ಓಡಿಸುವ ಮಾತಿನಿಂದ. ರೊಚ್ಚಿಗೇಳಿಸುವುದಕ್ಕೆ ಇದು ಸುಲಭದ ದಾರಿ. ಸಂಬಳದ ಪಟ್ಟಿ ಹರಿದು ಹಾಕೋಣ ಅಂದರೆ ಯಾರು ಬಂದೂಕು ಎತ್ತುತ್ತಾರೆ ಹೇಳಿ?

ಶಿಯಾನ್

ಗಂಟೆ ಗೋಪುರ ಶಿಯಾನ್‌ಗೆ ಹೋದವರೆಲ್ಲ ಫೋಟೋ ತೆಗೆಸಿಕೊಳ್ಳುವ ಜಾಗ. ಹಳೆಯ ಕೋಟೆ ನಗರದ ನಟ್ಟ ನಡುವೆ ಇದೆ. ಅದರ ಈಶಾನ್ಯಕ್ಕೆ, ಕೋಟೆಯ ಹೊರಗೋಡೆಯವರೆಗೆ, ಮಂಚು ಪೇಟೆ ಇತ್ತು. ಗೋಪುರವೇ ಅದರ ಒಂದು ಮೂಲೆ. ಸುಮಾರು ಇಪ್ಪತ್ತು ಸಾವಿರ ಜನ ಅಲ್ಲಿ ವಾಸವಾಗಿದ್ದರು.

ಅಕ್ಟೋಬರ್ 22, ಭಾನುವಾರ. ಊರಿನಲ್ಲಿದ್ದ, ಹೊಸ ರೀತಿಯಲ್ಲಿ ತರಬೇತಾದ 'ಹೊಸ ಸೈನ್ಯ' ಎದ್ದಿತು, ಜೊತೆಗೆ 'ಹಿರಿಯಣ್ಣಂದಿರು' ಅನ್ನುವ ಗುಪ್ತ ಸಂಘದವರೂ ಸೇರಿಕೊಂಡರು. ಮಂಚುಗಳು ತಮ್ಮ ಪೇಟೆಯ ಬಾಗಿಲು ಹಾಕಿಕೊಂಡರು. ಅವರ ಹತ್ತಿರ ಇದ್ದದ್ದು ಹಳೆಯ ಬಂದೂಕು, ಹೊರಗಿದ್ದವರ ಹತ್ತಿರ ಶಸ್ತ್ರಾಗಾರವೇ ಇತ್ತು. ಮರುದಿನ ಗೋಡೆ ಒಡೆಯಿತು. ಆಮೇಲೆ ಮೂರು ದಿನ ಮನೆ ಮನೆಗೆ ನುಗ್ಗಿ ಕೊಂದರು. ಮುದುಕರು, ಹೆಂಗಸರು, ಮಕ್ಕಳು. ಪಡೆಯ ಮುಖ್ಯಸ್ಥ ವೆನ್‌ರೂಯಿ ಬಾವಿಗೆ ಹಾರಿ ಸತ್ತ. ಎಷ್ಟೋ ಹೆಂಗಸರೂ ಹಾಗೇ ಮಾಡಿದರು. ಆಗ ಆ ಊರಲ್ಲಿದ್ದ ಇಂಗ್ಲಿಷ್ ಮಿಷನರಿಯೊಬ್ಬರ ಪ್ರಕಾರ ಸತ್ತವರು ಹತ್ತು ಸಾವಿರಕ್ಕೆ ಕಡಿಮೆ ಇಲ್ಲ. ಉಳಿದ ಹುಡುಗಿಯರನ್ನು ಕೆಲವರು ಕೆಲಸಕ್ಕೆ, ಕೆಲವರು ಮದುವೆಗೆ ಅಂತ ಎಳೆದುಕೊಂಡು ಹೋದರು.

ಗಂಡಸರನ್ನಾದರೂ ಗುರುತಿಸುವುದು ಕಷ್ಟವಾಗಿತ್ತು, ಹೆಂಗಸರ ವಿಷಯದಲ್ಲಿ ಅಷ್ಟು ಕಷ್ಟ ಇರಲಿಲ್ಲ. ಹಾನ್ ಹುಡುಗಿಯರಿಗೆ ಚಿಕ್ಕಂದಿನಲ್ಲೇ ಪಾದ ಬಿಗಿದು ಕಟ್ಟುತ್ತಿದ್ದರು. ಮಂಚು ಹೆಂಗಸರು ಪಾದ ಕಟ್ಟುತ್ತಿರಲಿಲ್ಲ. ಅಂದರೆ ಬಟ್ಟೆ ಬದಲಾಯಿಸಿಕೊಂಡು, ಮಾತು ಬದಲಾಯಿಸಿಕೊಂಡು ಹೊರಟವಳಿಗೂ ಕಾಲು ಮುಚ್ಚಿಡಲು ಆಗುತ್ತಿರಲಿಲ್ಲ. ಮುರಿಯದೆ, ನೋಯಿಸದೆ ಬೆಳೆಯಲು ಬಿಟ್ಟ ಕಾಲೇ ಅವಳನ್ನು ಹಿಡಿದುಕೊಟ್ಟಿತು. ಇದನ್ನು ಓದಿದ ರಾತ್ರಿ ನನ್ನ ಮಗಳು ಸೋಫಾದ ಮೇಲೆ ನನ್ನ ತೊಡೆಗೆ ಕಾಲು ಚಾಚಿಕೊಂಡು ಕಾರ್ಟೂನ್ ನೋಡುತ್ತಿದ್ದಳು. ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಎಲ್ಲ ಕಡೆ ಹೀಗಾಗಲಿಲ್ಲ, ಅದನ್ನೂ ಹೇಳಬೇಕು. ಗುವಾಂಗ್‌ಝೌನಲ್ಲಿ ಹೆಚ್ಚು ರಕ್ತ ಹರಿಯಲಿಲ್ಲ. ಚೆಂಗ್ಡುವಿನಲ್ಲಿ ಎರಡೂ ಕಡೆಯವರು ಕೂತು ಮಾತಾಡಿದರು, ಮಂಚು ಪಡೆ ಆಯುಧ ಒಪ್ಪಿಸಿತು, ಪೇಟೆ ಉಳಿಯಿತು. ಇವತ್ತು ಅಲ್ಲಿ 'ಅಗಲ ಓಣಿ', 'ಕಿರಿದು ಓಣಿ' ಅಂತ ಪ್ರವಾಸಿಗಳ ಬೀದಿಗಳಿವೆ. ಅವು ಹಳೆಯ ಮಂಚು ಪೇಟೆಯ ಓಣಿಗಳೇ. ಸಾಮ್ರಾಜ್ಯ ಅದೇ, ತಿಂಗಳುಗಳೂ ಹೆಚ್ಚು ಕಡಿಮೆ ಅವೇ, ಎರಡೂ ಕಡೆ ಹಾನ್ ಮತ್ತು ಮಂಚು ಜನರೇ. ಹಳೆಯ ಜನಾಂಗದ್ವೇಷ ಅಂತ ಒಂದೇ ಮಾತಿನಲ್ಲಿ ಮುಗಿಸುವವರು ಚೆಂಗ್ಡುವಿಗೆ ಏನು ಹೇಳುತ್ತಾರೋ ನೋಡಬೇಕು.

ದ್ವಾನ್‌ಫಾಂಗ್ ಅನ್ನುವ ಅಧಿಕಾರಿ

ಈ ಕಥೆಯಲ್ಲಿ ನನಗೆ ತೀರಾ ಕಾಡುವವನು ಇವನು. ದ್ವಾನ್‌ಫಾಂಗ್ ಮಂಚು ಅಧಿಕಾರಿ, ದೊಡ್ಡ ಹುದ್ದೆಗಳಲ್ಲಿದ್ದವನು. 1905–06ರಲ್ಲಿ ಸಂವಿಧಾನ ಅಂದರೇನು ಅಂತ ನೋಡಿಕೊಂಡು ಬರಲು ಅರಮನೆ ವಿದೇಶಕ್ಕೆ ಕಳಿಸಿದ ಐವರಲ್ಲಿ ಒಬ್ಬ. ಅಮೆರಿಕ, ಯುರೋಪ್ ಎಲ್ಲ ಸುತ್ತಿದ. ಹಳೆಯ ಕಂಚಿನ ಪಾತ್ರೆಗಳ ಹುಚ್ಚು ಇತ್ತು, ಅವನು ಕೂಡಿಟ್ಟಿದ್ದ ಪೂಜಾಪಾತ್ರೆಗಳ ಒಂದು ಸೆಟ್ ಈಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಇರಲಿ, ವಿಷಯ ಅದಲ್ಲ. ವಾಪಸ್ ಬಂದವನು ಅರಮನೆಗೆ ಬರೆದ: ಮಂಚು–ಹಾನ್ ಭೇದ ತೆಗೆದುಹಾಕಿ, ಇಲ್ಲದಿದ್ದರೆ ಉಳಿಗಾಲವಿಲ್ಲ. 1907ರಲ್ಲಿ ಅರಮನೆಯೂ ಆಗಲಿ ಅಂತು. ಸಂಬಳ ನಿಲ್ಲಿಸಿ ಜಮೀನು ಕೊಟ್ಟು ಬಾವುಟದವರನ್ನು ಸಾಮಾನ್ಯ ಪ್ರಜೆಗಳನ್ನಾಗಿ ಮಾಡುತ್ತೇವೆ ಅಂತ ಆಜ್ಞೆ ಹೊರಟಿತು. ಬಾವುಟದವರು ಹೆದರಿದರು, ತಿನ್ನುವ ಅನ್ನ ಹೋಗುತ್ತಲ್ಲ. ಕೆಲಸ ಮಾತ್ರ ಮುಂದಕ್ಕೆ ಹೋಗಲಿಲ್ಲ.

1911ರಲ್ಲಿ ಸಿಚುವಾನ್‌ನಲ್ಲಿ ರೈಲ್ವೆ ಗಲಾಟೆ ಎದ್ದಾಗ ಅದನ್ನು ಅಡಗಿಸಲು ಹೋದವನು ಇದೇ ದ್ವಾನ್‌ಫಾಂಗ್. ಜೊತೆಗಿದ್ದದ್ದು ಹುಬೆಯ್ ಪ್ರಾಂತ್ಯದ ಸೈನ್ಯ, ಅಂದರೆ ವುಚಾಂಗ್ ಕಡೆಯ ಹುಡುಗರೇ. ಹೋಗುವ ದಾರಿಯಲ್ಲಿ ಊರಿನ ದಂಗೆಯ ಸುದ್ದಿ ಬಂತು. ನವೆಂಬರ್ 27ರಂದು ಝಿಝೌ ಅನ್ನುವ ಊರಿನಲ್ಲಿ ಆ ಸೈನಿಕರೇ ಅವನ ಮೇಲೆ ಬಿದ್ದರು. ಆಗ ಅವನು 'ನಾವು ಮೂಲದಲ್ಲಿ ಹಾನ್, ನಮ್ಮ ಮನೆತನದ ಹೆಸರು ತಾವ್' ಅಂದನಂತೆ. ನಿಜವೋ ಸುಳ್ಳೋ, ಪ್ರಾಣ ಹೋಗುವ ಹೊತ್ತಲ್ಲಿ ಬಂದ ಮಾತು. ಯಾರೂ ಕೇಳಲಿಲ್ಲ. ಅವನದ್ದೂ ಅವನ ತಮ್ಮನದ್ದೂ ತಲೆ ಕಡಿದು ಸೀಮೆಎಣ್ಣೆ ಡಬ್ಬದಲ್ಲಿ ಹಾಕಿ ವುಚಾಂಗ್‌ಗೆ ತೆಗೆದುಕೊಂಡು ಹೋದರು.

ಹೆಸರು ಬದಲಾಯಿಸಿದರೆ ಜೀವ ಉಳಿಯಬಹುದು ಅಂತ ಆ ದಿನಗಳಲ್ಲಿ ಅಂದುಕೊಂಡವನು ಅವನೊಬ್ಬನೇ ಅಲ್ಲ. ಸಾವಿರಾರು ಮಂಚು ಕುಟುಂಬಗಳು ಉದ್ದುದ್ದ ಮನೆತನದ ಹೆಸರು ಬಿಟ್ಟು ಒಂದಕ್ಷರದ ಹಾನ್ ಹೆಸರು ಹಿಡಿದವು. ಗುವಲ್ಗಿಯ ಇದ್ದವರು ಗ್ವಾನ್ ಆದರು, ನಿಯೋಹುರು ಇದ್ದವರು ಲಾಂಗ್. ರಾಜಮನೆತನದ ಐಸಿನ್ ಗಿಯೊರೊ ಕೂಡ ಜಿನ್ ಆಯಿತು. ಐಸಿನ್ ಅಂದರೆ ಮಂಚು ಭಾಷೆಯಲ್ಲಿ ಚಿನ್ನ, ಜಿನ್ ಅಂದರೆ ಚೀನೀ ಭಾಷೆಯಲ್ಲಿ ಚಿನ್ನ. ಹೆದರಿಕೆಯಲ್ಲೂ ಅರ್ಥ ಬಿಡಲಿಲ್ಲ ನೋಡಿ.

ಯಾರಿಗೆ ಏನು ಸಿಕ್ಕಿತು

1912ರ ಫೆಬ್ರವರಿ 12ರಂದು ರಾಜಮಾತೆ ಲೋಂಗ್‌ಯು ಆರರ ಮಗು ಪೂಯಿಯ ಹೆಸರಲ್ಲಿ ಸಿಂಹಾಸನ ಬಿಟ್ಟುಕೊಟ್ಟಳು. ಒಪ್ಪಂದದ ಪ್ರಕಾರ ಚಕ್ರವರ್ತಿಗೆ ಬಿರುದು ಉಳಿಯುತ್ತದೆ, ಅರಮನೆಯಲ್ಲಿ ಸದ್ಯಕ್ಕೆ ಇರಬಹುದು, ವರ್ಷಕ್ಕೆ 40 ಲಕ್ಷ ಟೇಲ್ (ಬೆಳ್ಳಿ ತೂಗುವ ಹಳೆಯ ಅಳತೆ) ಬೆಳ್ಳಿ. ಬಾವುಟದವರಿಗೆ? ಬೇರೆ ಜೀವನೋಪಾಯ ಸಿಗುವವರೆಗೆ ಸಂಬಳ ಮುಂದುವರಿಯುತ್ತದೆ ಅಂತ ಒಂದು ಸಾಲು. ಆ ಸಂಬಳ ಇವತ್ತು ಅರ್ಧ ನಾಳೆ ಕಾಲು ಅಂತಾಗಿ 1920ರ ದಶಕದಲ್ಲಿ ನಿಂತೇಹೋಯಿತು. ಬೀಜಿಂಗ್‌ನ ಬಾವುಟದವರು ಪೊಲೀಸರಾದರು, ರಿಕ್ಷಾ ಎಳೆದರು. ಯಾವ ಒಪ್ಪಂದವೂ ಶಿಯಾನ್‌ನವರನ್ನು ಮುಟ್ಟಲಿಲ್ಲ, ಅದರ ಹೊತ್ತಿಗೆ ಅವರು ಮಣ್ಣಾಗಿ ನಾಲ್ಕು ತಿಂಗಳು.

ಇನ್ನೊಂದು ವಿಷಯ ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಮಂಚುಗಳನ್ನು ಓಡಿಸುತ್ತೇವೆ ಅಂತ ಆಣೆ ಮಾಡಿದ ಸನ್ ಯಾಟ್ ಸೆನ್ 1912ರ ಜನವರಿ 1ರಂದು ಅಧ್ಯಕ್ಷನಾಗಿ ನಿಂತು, ಹಾನ್, ಮಂಚು, ಮಂಗೋಲ್, ಮುಸ್ಲಿಮ್, ಟಿಬೆಟನ್ ಐದೂ ಒಂದೇ ಅಂದ. ಐದು ಬಣ್ಣದ ಬಾವುಟ ಬಂತು. ಕಾರಣ ಸರಳ. ಮಂಗೋಲಿಯ, ಟಿಬೆಟ್, ಶಿನ್‌ಜಿಯಾಂಗ್ ಎಲ್ಲ ಚಿಂಗ್ ಅರಸರು ಗೆದ್ದು ಕೂಡಿಸಿದ ನೆಲ. ಮಂಚುಗಳು ಪರಕೀಯರು ಅಂದರೆ ಅವರು ತಂದ ನೆಲವೂ ಕೈ ಬಿಟ್ಟು ಹೋಗುತ್ತದೆ. ಮನೆ ಬೇಕು ಅಂದರೆ ಮನೆ ಕಟ್ಟಿದವರನ್ನೂ ನಮ್ಮವರೇ ಅನ್ನಬೇಕು. ಅದೇ ಸನ್ ಯಾಟ್ ಸೆನ್ ಫೆಬ್ರವರಿ 15ರಂದು ನಾನ್‌ಜಿಂಗ್‌ನ ಮಿಂಗ್ (ಮಂಚುಗಳಿಗಿಂತ ಮೊದಲು ಆಳಿದ ಹಾನ್ ಮನೆತನ) ಸಮಾಧಿಗೆ ಹೋಗಿ, ನಿಮ್ಮ ನೆಲ ಮತ್ತೆ ನಮ್ಮ ಕೈಗೆ ಬಂತು ಅಂತ ಸತ್ತು ಐನೂರು ವರ್ಷವಾದ ಹಾನ್ ಚಕ್ರವರ್ತಿಗೆ ವರದಿ ಒಪ್ಪಿಸಿದ. ಎರಡಕ್ಕೂ ನಡುವೆ ಇದ್ದದ್ದು ಆರೂವರೆ ವಾರ.

ಲಾವೊ ಶೆ ಗೊತ್ತಿರಬಹುದು, ಚೀನಾದ ದೊಡ್ಡ ಕಾದಂಬರಿಕಾರ. ಬೀಜಿಂಗ್‌ನ ಬಡ ಬಾವುಟದ ಮನೆಯಲ್ಲಿ 1899ರಲ್ಲಿ ಹುಟ್ಟಿದವರು. ಅಪ್ಪ ಸಾಮಾನ್ಯ ಸಿಪಾಯಿ, ತಿಂಗಳಿಗೆ 3 ಟೇಲ್ ಸಂಬಳ. 1900ರ ಆಗಸ್ಟಿನಲ್ಲಿ ಎಂಟು ದೇಶಗಳ ಸೈನ್ಯ ಬೀಜಿಂಗ್‌ಗೆ ನುಗ್ಗಿದಾಗ ಊರು ಕಾಯುತ್ತಾ ಸತ್ತ. ಆ ಸೈನ್ಯದಲ್ಲಿ ಬ್ರಿಟಿಷರ ಪಾಲಿಗೆ ಬಂದಿದ್ದವರಲ್ಲಿ ಹೆಚ್ಚಿನವರು ನಮ್ಮವರೇ, ಸಿಖ್ಖರು, ರಜಪೂತರು. ಕೂಸಿಗೆ ಆಗ ಒಂದೂವರೆ ವರ್ಷ. ಹೆಣ ಮನೆಗೆ ಬರಲಿಲ್ಲ. ತಾಯಿ ಮಂದಿಯ ಬಟ್ಟೆ ಒಗೆದು ಸಾಕಿದಳು. ಕಬ್ಬಿಣದ ದಂಟಿನ ಬೆಳೆ ಉಂಡವರ ಮನೆ ಇದು! ಇಂಥವರು ತಮ್ಮ ಮಂಚು ಬದುಕಿನ ಬಗ್ಗೆ ನೇರವಾಗಿ ಬರೆಯಲು ಕೂತದ್ದು 1960ರ ದಶಕದಲ್ಲಿ, ಅರವತ್ತು ದಾಟಿದ ಮೇಲೆ. ಅದೂ ಅರ್ಧಕ್ಕೇ ನಿಂತಿತು.

ಮತ್ತೆ ಚೀಟಿ

1982ರ ಜನಗಣತಿಯಲ್ಲಿ ಚೀನಾದಲ್ಲಿ ಮಂಚುಗಳು ಸುಮಾರು 43 ಲಕ್ಷ. 1990ರಲ್ಲಿ 98 ಲಕ್ಷ. ಎಂಟು ವರ್ಷದಲ್ಲಿ ಅಷ್ಟು ಮಕ್ಕಳು ಹುಟ್ಟಿರಲಿಲ್ಲ, ಅಡಗಿದ್ದವರು ಹೊರಗೆ ಬಂದಿದ್ದರು. ನನ್ನ ಸಹೋದ್ಯೋಗಿಯ ತಾತ ಅವರಲ್ಲೊಬ್ಬರು. ಲ್ಯಾವೊನಿಂಗ್‌ನ ಹಳ್ಳಿಯವರು, ಜೀವನ ಪೂರ್ತಿ ಕಾಗದದಲ್ಲಿ ಹಾನ್ ಆಗಿದ್ದವರು. ಒಂದು ದಿನ ಕಚೇರಿಗೆ ಹೋಗಿ 'ಮಂಚು ಅಂತ ಬರೆಯಿರಿ' ಅಂದು ಬಂದರಂತೆ. ಯಾಕೆ ಅಂತ ಅಜ್ಜಿ ಕೇಳಿದರೆ, ಮೊಮ್ಮಕ್ಕಳಿಗೆ ಪರೀಕ್ಷೆಯಲ್ಲಿ ಒಂದಿಷ್ಟು ಮಾರ್ಕ್ಸ್ ಜಾಸ್ತಿ ಸಿಗುತ್ತದೆ ಅಂದರಂತೆ. ಅಜ್ಜಿ ಹಾನ್. 'ಹಾಗಾದರೆ ನನ್ನದನ್ನೂ ಬದಲಾಯಿಸು' ಅಂದಳಂತೆ.

ಇದನ್ನು ಕೇಳಿ ನಾನು ತುಂಬಾ ನಕ್ಕೆ. ಆಮೇಲೆ ಮನೆಗೆ ಹೋಗುವಾಗ ಮೆಟ್ರೋದಲ್ಲಿ ನಿಂತು, ತಾತ ಬರೀ ಮಾರ್ಕ್ಸಿಗೋಸ್ಕರ ಹೋಗಿದ್ದರಾ ಅಂತ ಯೋಚಿಸಿದೆ. ಮಾರ್ಕ್ಸಿನ ಮಾತು ಹೆಂಡತಿಗೆ ಹೇಳಲು ಸುಲಭ ಆಗಿತ್ತೇನೋ.

ಹೋದ ವಾರದ ಕಾಲ್‌ನಲ್ಲಿ ರಿಲೀಸ್ ಮುಗಿದು ಎಲ್ಲರೂ ಖುಷಿಯಲ್ಲಿದ್ದರು. ಚಾಟ್‌ನಲ್ಲಿ 666 ಸುರಿಯುತ್ತಿತ್ತು. ನಾನು ಸುಮ್ನೆ ಕೇಳಿದೆ, ಇದನ್ನು ಬಾಯಲ್ಲಿ ಹೇಗೆ ಅನ್ನುತ್ತೀರಿ ಅಂತ. ಆಕೆ ಮೈಕ್ ಆನ್ ಮಾಡಿ 'ಲ್ಯೂ ಲ್ಯೂ ಲ್ಯೂ' ಅಂದರು. ಅಷ್ಟರಲ್ಲಿ ಟೆಸ್ಟಿಂಗ್ ಮಾಡುವ ಹುಡುಗ, ವುಹಾನ್‌ನವನು, ನಡುವೆ ಬಾಯಿ ಹಾಕಿದ. 'ನಮ್ಮಜ್ಜಿ ಹಾಗನ್ನಲ್ಲ. ಲೌ ಲೌ ಲೌ.' ಆಕೆಗೆ ನಗು ತಡೆಯಲಾಗಲಿಲ್ಲ. ಇನ್ನೊಂದು ಸಲ ಅನ್ನು, ಇನ್ನೊಂದು ಸಲ ಅನ್ನು ಅಂತ ಅವನ ಕೈಲಿ ನಾಲ್ಕು ಸಲ ಹೇಳಿಸಿದರು. ಅವನಂತೆ ಹೇಳಲು ತಾವೂ ಪ್ರಯತ್ನಪಟ್ಟರು, ಬರಲಿಲ್ಲ. ನನ್ನ ಮೈಕ್ ಮ್ಯೂಟ್‌ನಲ್ಲಿತ್ತು, ಹಾಗೇ ಬಿಟ್ಟೆ. ಯಾರೋ ಮುಂದಿನ ಟಿಕೆಟ್ ಓಪನ್ ಮಾಡಿ ಸ್ಕ್ರೀನ್ ಶೇರ್ ಮಾಡಿದರು.